ಬಸಮ್ಮತ್ತೆಯ ಆರದ ಸೆಟ್ಟು

ನಮ್ಮ ಸೋದರತ್ತೆ ಬಸಮ್ಮನ ಪಡಸಾಲೆಯಲ್ಲಿ ಒಂದು ಸ್ವಿಚ್ಚಿದೆ. ಅದನ್ನು ಅವಳಲ್ಲದೆ ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಅವಳೂ ಮುಟ್ಟುತ್ತಿರಲಿಲ್ಲ. ಸ್ವಿಚ್ಚಿನಿಂದ ಹೊರಟ ವೈರು ಒಂದು ಹಳೆಯ ಆಂಪ್ಲಿಫೈಯರಿಗೆ ಹೋಗುತ್ತದೆ. ಅದರ ಮುಖದ ಮೇಲೆ ತೊಗರಿಕಾಳಿನಷ್ಟು ಕೆಂಪು ದೀಪ. ಹಾಡು ಇದ್ದರೂ ಇಲ್ಲದಿದ್ದರೂ ಅದು ಉರಿಯುತ್ತಿರಬೇಕು. ಕರೆಂಟು ಹೋದಾಗ ಮಾತ್ರ ಅದಕ್ಕೆ ರಜೆ. ನಾನು ಲಂಗ ಉಟ್ಟು ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದಾಗಲೂ ಉರಿಯುತ್ತಿತ್ತು, ಬೇಲೂರಿನ ಹೈಸ್ಕೂಲಿನಲ್ಲಿ ಮೇಡಂ ಅನ್ನಿಸಿಕೊಂಡು ತಲೆಗೆ ಬಣ್ಣ ಹಚ್ಚುವ ವಯಸ್ಸಿಗೆ ಬಂದಾಗಲೂ ಉರಿಯುತ್ತಿತ್ತು.

ಅತ್ತೆಯನ್ನು 'ಅವಳು' ಅನ್ನುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬೇಡಿ. ಎದುರಿಗೆ ಬಹುವಚನ ಹಚ್ಚಿದರೆ, ನಾನೇನು ನಿಮ್ಮ ಸ್ಕೂಲಿನ ಹೆಡ್‌ಮಾಸ್ಟರಾ ಎಂದು ಅವಳೇ ಬೈಯುತ್ತಾಳೆ. ಅವಳ ಗಂಡ ಇಂದುಧರ ಮಾವನಿಗೆ ಮಾತ್ರ ನಾವೆಲ್ಲ ಬಹುವಚನವೇ. ಆ ಮನೆಯಲ್ಲಿ ಅವರಿಗೆ ಸಿಕ್ಕುವುದು ಅದೊಂದೇ ಎಂದು ನಮ್ಮಪ್ಪ ತಮಾಷೆ ಮಾಡುತ್ತಿದ್ದರು.

ಮನೆ ಇರುವುದು ಹಳೇಬೀಡಿನಲ್ಲಿ, ಜಾವಗಲ್ ರಸ್ತೆಯ ಕೊನೆಯಲ್ಲಿ. ದೇವಸ್ಥಾನ ನೋಡಲು ಬಂದ ದೊಡ್ಡ ಬಸ್ಸುಗಳು ದಾರಿ ತಪ್ಪಿದರೆ ಅವಳ ಗೇಟಿನ ಮುಂದೆಯೇ ತಿರುಗಿಸಿಕೊಳ್ಳುತ್ತವೆ. ಮನೆಯ ಹಿಂದೆ ತೋಟ. ಅದು ತವರಿನಿಂದ ಅವಳ ಹೆಸರಿಗೆ ಬಂದದ್ದು, ಮಾವನದಲ್ಲ. ತೋಟದ ಕಾಯಿಯನ್ನು ಅತ್ತೆ ಹಸಿಯಾಗಿ ಎಂದೂ ಮಾರಿದವಳಲ್ಲ. ಅಟ್ಟಕ್ಕೆ ಏರಿಸಿ, ವರ್ಷವಿಡೀ ಒಣಗಲು ಬಿಟ್ಟು, ಉಂಡೆ ಕೊಬ್ಬರಿ ಮಾಡಿಯೇ ಅರಸೀಕೆರೆ ಮಂಡಿಗೆ ಕಳಿಸುವುದು. ಒಂದು ವರ್ಷ ಕೊಬ್ಬರಿಗೆ ಒಳ್ಳೆ ಬೆಲೆ ಬಂತು. ಮಾವ ಸ್ಕೂಟರ್ ತೆಗೆದುಕೊಳ್ಳೋಣ ಅಂದರು. ಅತ್ತೆ ಆಯಿತು ಅಂದಳು, ಬೆಂಗಳೂರಿಗೆ ಹೋಗಿ ಸೆಟ್ಟು ತಂದಳು. ಆಂಪ್ಲಿಫೈಯರು, ಕ್ಯಾಸೆಟ್ ಹಾಕುವ ಡೆಕ್ಕು. ಸ್ಪೀಕರಿನ ಎರಡು ಪೆಟ್ಟಿಗೆಗಳನ್ನು ಮಾತ್ರ ಅರಸೀಕೆರೆಯ ಬಡಗಿಯ ಹತ್ತಿರ ಹಲಸಿನ ಹಲಗೆಯಲ್ಲಿ ಮಾಡಿಸಿದಳು. ಎಮ್ಮೆಕರುವಿನಷ್ಟು ತೂಕದ ಪೆಟ್ಟಿಗೆಗಳು. ಆ ಕಾಲಕ್ಕೆ ಹೆಂಗಸೊಬ್ಬಳು ತನ್ನ ತೋಟದ ದುಡಿಮೆಯಲ್ಲಿ ತನ್ನ ಕಿವಿಗಾಗಿ ಒಂದು ವಸ್ತು ತಂದಿದ್ದನ್ನು ಊರು ಬಹಳ ದಿನ ಆಡಿಕೊಂಡಿತು. ಆಡಿಕೊಂಡವರೇ ಸೋಮವಾರ ಸಂಜೆ ಅವಳ ಪಡಸಾಲೆಗೆ ಬಂದು ಕೂತು ವಚನ ಕೇಳತೊಡಗಿದರು. ಅಂದಿನಿಂದ ಸೋಮವಾರ ಅಂದರೆ ಬಸಮ್ಮನ ಮನೆ.

ಅವಳ ಕಿವಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಟ್ಟದ ಕಾಯಿ ಹಣ್ಣಾಯಿತೋ ಇಲ್ಲವೋ ನೋಡಲು ಎಲ್ಲರೂ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗುಡುಗುಡು ಅನ್ನುತ್ತದೆ. ಅಷ್ಟು ಯಾರಿಗಾದರೂ ಗೊತ್ತಾಗುತ್ತದೆ. ಅತ್ತೆಗೆ ಅದರ ಆಚೆಗೂ ಕೇಳುತ್ತದೆ. ಇದು ಒಂದು ಕಡೆ ಇನ್ನೂ ಅಂಟಿಕೊಂಡಿದೆ, ಇದು ಒಳಗೆ ಬೂಸ್ಟು ಹಿಡಿದಿದೆ, ಇದು ಚೆನ್ನ, ಹೀಗೆ ಹೇಳುತ್ತಾ ಮೂರು ಗುಡ್ಡೆ ಮಾಡುತ್ತಾಳೆ. ಒಡೆದು ನೋಡಿದರೆ ಹೇಳಿದ ಹಾಗೇ ಇರುತ್ತದೆ. ಅರಸೀಕೆರೆಯಲ್ಲಿ ಅವಳ ಚೀಲವನ್ನು ಬಿಚ್ಚಿಸದೆ ಕೊಳ್ಳುವ ವ್ಯಾಪಾರಿಗಳಿದ್ದಾರೆ. ಹಾಳಾದ ಒಂದು ಉಂಡೆಯನ್ನೂ ಗೊತ್ತಿದ್ದು ಚೀಲದ ತಳಕ್ಕೆ ಹಾಕಿದವಳಲ್ಲ ಎಂಬ ಹೆಸರು ಅವಳಿಗಿದೆ. ಆ ಹೆಸರಿನ ಮೇಲೆ ಅವಳಿಗೆ ಇರುವ ಜಂಬ ಅಷ್ಟಿಷ್ಟಲ್ಲ. ನನಗೂ ಇದೆ, ಸುಳ್ಳು ಯಾಕೆ ಹೇಳಲಿ. ಬಸ್ಸಿನಲ್ಲಿ ಯಾರಾದರೂ ನೀವು ಕೊಬ್ಬರಿ ಬಸಮ್ಮನವರ ಕಡೆಯವರಾ ಎಂದು ಕೇಳಿದರೆ ನನ್ನ ಕತ್ತು ತಾನಾಗಿ ನೆಟ್ಟಗಾಗುತ್ತದೆ.

ಸೆಟ್ಟನ್ನು ಆರಿಸಬಾರದು ಎಂಬ ಶಾಸ್ತ್ರವೂ ಅವಳಿಗೆ ಸಿಕ್ಕಿದ್ದು ಅಟ್ಟದಿಂದಲೇ. ಮಳೆಗಾಲದಲ್ಲಿ ಅಟ್ಟದ ಕೆಳಗೆ ಕಾಯಿಸಿಪ್ಪೆಯ ಸಣ್ಣ ಹೊಗೆ ಇಡುತ್ತಾರೆ. ಉರಿ ಏಳಬಾರದು, ಹಾಗಂತ ಕೆಂಡ ಆರಲೂಬಾರದು. ಆರಿದರೆ ಶೀತ ಹಿಡಿದು ಕಾಯಿ ಒಳಗೇ ಕೊಳೆಯುತ್ತದೆ. ಅವಳ ಅಮ್ಮ ಹಾಗೆ ಮಾಡಿದ್ದಳು, ಅಮ್ಮನ ಅತ್ತೆಯೂ ಹಾಗೇ. ಸೆಟ್ಟು ಮನೆಗೆ ಬಂದ ಮೊದಲ ಆಷಾಢದಲ್ಲಿ ಅದರ ನೆತ್ತಿಯ ಮೇಲೆ ಕೈಯಿಟ್ಟು ನೋಡಿದಳಂತೆ. ಬೆಚ್ಚಗಿತ್ತು. ಇದಕ್ಕೂ ಒಳಗೆ ಒಂದು ಕೆಂಡ ಇದೆ, ಆರಿಸಿದರೆ ಶೀತ ಹಿಡಿಯುತ್ತದೆ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟಳು. ಬೆಚ್ಚಗಿನದು ಬೆಚ್ಚಗೇ ಇರಲಿ ಎಂದು, ದೂಳೂ ಕೂರದಿರಲಿ ಎಂದು, ಮಖಮಲ್ಲು ಬಟ್ಟೆಗೆ ನವಿಲು ಕಸೂತಿ ಹಾಕಿ ಒಂದು ಹೊದಿಕೆಯನ್ನೂ ಹೊಲಿದಳು. ಬಾಣಂತಿಗೆ ಮಾಡುವ ಆರೈಕೆ ಅದಕ್ಕೆ ನಡೆಯಿತು.

ಇಂದುಧರ ಮಾವ ಇದಕ್ಕೆ ತದ್ವಿರುದ್ಧ. ನೆಂಟರು ನೀರು ಕುಡಿಯಲು ಒಳಗೆ ಎದ್ದು ಹೋದರೆ ಅಷ್ಟರಲ್ಲೇ ಫ್ಯಾನು ಆರಿಸುವ ಮನುಷ್ಯ. ಇಡೀ ಮನೆಯಲ್ಲಿ ಅವರ ಕೈಗೆ ಸಿಗದೆ ಉಳಿದ ಒಂದೇ ಸ್ವಿಚ್ಚು ಇದು. ಅದರ ಮುಂದೆ ಹಾದುಹೋಗುವಾಗ ಅವರ ಬೆರಳು ತುರಿಸುವುದನ್ನು ನಾನೇ ನೋಡಿದ್ದೇನೆ. ಅದನ್ನು 'ನಿನ್ನ ನಂದಾದೀಪ' ಅನ್ನುತ್ತಿದ್ದರು. ದಿನಕ್ಕೊಂದು ಬಾರಿಯಾದರೂ ಜಗಳ ಆಗಬೇಕು. ಹೀಗೆ ಬಿಟ್ಟರೆ ಒಂದು ದಿನ ಸುಟ್ಟುಹೋಗುತ್ತದೆ ಎಂದು ಅವರು. ಆರಿಸಿ ಹಚ್ಚಿ ಆರಿಸಿ ಹಚ್ಚಿ ಮಾಡಿದ ಪಕ್ಕದ ಮನೆಯವರ ಟೀವಿ ಏನಾಯ್ತು ನೋಡಿ ಎಂದು ಅವಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಒಂದೇ ಮನೆಯಲ್ಲಿ ಇಬ್ಬರು ಇದ್ದರೆ ಮೊಲದ ಗತಿ ಏನಾಗಬೇಕು ಯೋಚಿಸಿ.

ಒಂದು ಸೋಮವಾರ, ಪಡಸಾಲೆ ತುಂಬ ಹೆಂಗಸರಿದ್ದಾಗಲೇ ಮಾವ ಈ ಮಾತು ತೆಗೆದರು. ಅತ್ತೆಗೆ ರೇಗಿತು. ಎಲ್ಲರ ಮುಂದೆ ಹೇಳಿಬಿಟ್ಟಳು.

"ಉರಿದೂ ಉರಿದೂ ಇದು ಕೆಟ್ಟೋಯ್ತು ಅಂತ ತಿಳಿದೋರು ಯಾರಾದ್ರೂ ತೋರಿಸಿಕೊಡ್ಲಿ. ಅವತ್ತೇ ಆ ಸ್ವಿಚ್ಚಿಂದ ನನ್ನ ಕೈ ತೆಗೀತೀನಿ. ಬಸಮ್ಮನ ಮಾತು."

ಬಸಮ್ಮನ ಮಾತು ಅಂದರೆ ಅರಸೀಕೆರೆ ಮಂಡಿಯಲ್ಲೂ ನಡೆಯುವ ನಾಣ್ಯ. ಸ್ವಿಚ್ಚು ಇನ್ನೇನು ಇವತ್ತಲ್ಲ ನಾಳೆ ತನ್ನ ಕೈಗೆ ಬರುತ್ತದೆ ಎಂದು ಮಾವ ಕಾದು ಕೂತರು. ವರ್ಷಗಳು ಕಳೆದವು. ಸೆಟ್ಟು ಹಾಡುತ್ತಲೇ ಇತ್ತು.

ಈ ಸಲದ ಆಷಾಢದಲ್ಲಿ ನಾನು ಒಂದು ಭಾನುವಾರ ಹೋದಾಗ ಅತ್ತೆ ಮಂಕಾಗಿ ಕೂತಿದ್ದಳು. ಸೆಟ್ಟು ಗುನುಗುತ್ತಿದೆ ಅಂದಳು. ಹಾಡಿನೊಳಗೆ ಹಾಡಲ್ಲದ ಒಂದು ಸದ್ದಿದೆಯಂತೆ. ನಾನು ಕ್ಯಾಸೆಟ್ ಹಾಕಿ ಕೇಳಿದೆ, ನನಗೇನೂ ಕೇಳಲಿಲ್ಲ. ಮಾವನಂತೂ ಈಚೆಗೆ ಬಾಗಿಲು ಬಡಿದರೂ ಯಾರು ಅನ್ನುವುದಿಲ್ಲ. ಸೋಮವಾರ ಬರುವ ಹೆಂಗಸರಲ್ಲಿ ಯಾರೂ ಏನೂ ಅಂದಿರಲಿಲ್ಲ. ವಯಸ್ಸಾಯಿತಲ್ಲ ಅತ್ತೆ, ಕಿವಿಯೇ ಗುಂಯ್ ಅನ್ನುತ್ತಿರಬಹುದು ಅಂದೆ. ಅನ್ನಬಾರದಿತ್ತು. ನನ್ನ ಕೈ ಹಿಡಿದು ಎಳೆದು, ಹಾಡು ನಿಲ್ಲಿಸಿ, ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ತಂದು, ನನ್ನ ಕೆನ್ನೆಯನ್ನು ಹಲಸಿನ ಪೆಟ್ಟಿಗೆಗೆ ಒತ್ತಿದಳು. ಉಸಿರು ಬಿಗಿಹಿಡಿದು ಕೇಳಿದೆ. ಇತ್ತು. ಮುಚ್ಚಿದ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ, ಬಹಳ ಸಣ್ಣಗೆ.

ಇಲ್ಲೇ ನನಗೆ ಅವಳ ಮೇಲೆ ಅಭಿಮಾನ ಉಕ್ಕಿದ್ದು. ಆ ಸದ್ದು ಊರಿನಲ್ಲಿ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಅವಳ ಮಾತೂ ಉಳಿಯುತ್ತಿತ್ತು, ಸ್ವಿಚ್ಚೂ ಉಳಿಯುತ್ತಿತ್ತು. ಮೇಲಾಗಿ ಮುಂದಿನ ತಿಂಗಳು ಶ್ರಾವಣ. ನಮ್ಮ ಕಡೆ ಶ್ರಾವಣದಲ್ಲಿ ದಿನಕ್ಕೊಂದು ಮನೆಯಲ್ಲಿ ವಚನಗೋಷ್ಠಿ ಇಟ್ಟುಕೊಳ್ಳುತ್ತಾರೆ. ಅತ್ತೆಯ ಮನೆಯ ಸರದಿಗೆ ಬೇರೆ ಎಲ್ಲಕ್ಕಿಂತ ಜನ ಹೆಚ್ಚು, ಕಾರಣ ಈ ಸೆಟ್ಟು. ಅಷ್ಟು ಜನರ ಮುಂದೆ ಗುನುಗು ಸೇರಿದ ಹಾಡು ಹಾಕುವುದು ಅವಳಿಂದ ಆಗುವ ಕೆಲಸವಲ್ಲ. ಯಾರನ್ನಾದರೂ ಕರೆಸಿ ರಿಪೇರಿ ಮಾಡಿಸಿದರೆ, ಯಾಕೆ ಕೆಟ್ಟಿತು ಎಂಬ ಪ್ರಶ್ನೆ ಏಳುತ್ತದೆ. ಮಾವ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಬೇಲೂರಿನಲ್ಲಿ ಹಳೇ ಸೆಟ್ಟು ಬಲ್ಲವರು ಇದ್ದರೆ ಕರಕೊಂಡು ಬಾ ಅಂದಳು.

ನನಗೆ ಗೊತ್ತಿದ್ದವರು ಉಮಾಶಂಕರ್. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲೆಕ್ಚರರು, ಬೇಲೂರಿನಲ್ಲಿ ನಮ್ಮ ಬೀದಿಯವರೇ. ಭಾನುವಾರ ಬಂದರೆ ಹಳೇ ರೇಡಿಯೋ, ಆಂಪ್ಲಿಫೈಯರು ಬಿಚ್ಚಿಕೊಂಡು ಕೂರುವುದು ಅವರ ಹುಚ್ಚು. ಅತ್ತೆಯ ಹೆಸರು ಹೇಳಿದೆನೋ ಇಲ್ಲವೋ, ಅವರೇ ಕೇಳಿದರು, ಹಳೇಬೀಡಿನ ಕೊಬ್ಬರಿ ಬಸಮ್ಮನವರಾ, ಕೆಂಪು ದೀಪದ ಸೆಟ್ಟಾ ಎಂದು. ನಿಮಗೆ ಹೇಗೆ ಗೊತ್ತು ಅಂದೆ. ಅವರ ತಾಯಿ ಲಕ್ಕಮ್ಮ ಇರುವುದು ಮಾದಿಹಳ್ಳಿಯಲ್ಲಿ. ವಯಸ್ಸಿನಲ್ಲಿ ಪ್ರತಿ ವರ್ಷ ಅಟ್ಟ ಇಳಿಸುವ ಕಾಲಕ್ಕೆ ಹತ್ತು ಹೆಂಗಸರ ಜೊತೆ ಬಸ್ಸು ಹತ್ತಿ ಬಂದು ನಮ್ಮತ್ತೆಯ ಅಂಗಳದಲ್ಲಿ ಕಾಯಿ ಒಡೆದು ಕೊಬ್ಬರಿ ಬಿಡಿಸುತ್ತಿದ್ದರಂತೆ. ಸೆಟ್ಟಿನ ಹಾಡುಗಳನ್ನು ಮನೆಗೆ ಹೋಗಿ ಮಕ್ಕಳಿಗೆ ಹೇಳಿಕೊಡುತ್ತಿದ್ದರಂತೆ. ಉಮಾಶಂಕರ್ ಆ ಸೆಟ್ಟನ್ನು ಕಣ್ಣಿಂದ ನೋಡಿರಲಿಲ್ಲ, ಆದರೆ ಅದರ ಕಥೆ ಕೇಳಿಯೇ ಬೆಳೆದಿದ್ದರು.

ಮುಂದಿನ ವಾರವೇ ಬಂದರು. ನವಿಲಿನ ಹೊದಿಕೆ ತೆಗೆದು ಮೇಲೆ ಅಂಗೈ ಇಟ್ಟವರು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಸ್ವಿಚ್ಚು ಮುಟ್ಟದೆ ಹಿಂದಿನ ವೈರು ಕಳಚಿ, ತಣಿಯಲು ಬಿಟ್ಟು, ಬಿಚ್ಚಿದರು. ಒಳಗೆ ನಶ್ಯದ ಡಬ್ಬಿಯಂಥ ಎರಡು ಕೆಪಾಸಿಟರುಗಳು ನೆತ್ತಿ ಉಬ್ಬಿಸಿಕೊಂಡು ನಿಂತಿದ್ದವು. ಗುನುಗು ಬರುತ್ತಿರುವುದು ಇವುಗಳಿಂದ, ಬೇರೆ ಹಾಕಿದರೆ ಸರಿಹೋಗುತ್ತದೆ ಅಂದರು. ಯಾಕೆ ಹೀಗಾಯಿತು ಎಂದು ಅತ್ತೆ ಕೇಳಿದಳು. ಮಾವ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು. ಉಮಾಶಂಕರ್ ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿ, ವಯಸ್ಸಾಗಿತ್ತಲ್ಲ ಅಮ್ಮ, ಎಲ್ಲಕ್ಕೂ ವಯಸ್ಸಾಗುತ್ತೆ ಎಂದು ತೇಲಿಸಿದರು.

"ಮೇಷ್ಟ್ರೇ, ನಾನು ಕಾಯಿ ಅಲ್ಲಾಡಿಸಿ ಹೇಳೋಳು. ಒಳಗೆ ಬೂಸ್ಟು ಐತೆ ಅಂತ ಗೊತ್ತಾದ ಮೇಲೆ ಸಿಪ್ಪೆ ಚೆನ್ನಾಗೈತೆ ಅಂತ ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ."

ಆಮೇಲೆ ಅವರು ಹೇಳಿದರು. ಈ ಡಬ್ಬಿಯ ಒಳಗೆ ಸ್ವಲ್ಪ ಹಸಿ ಇರುತ್ತದೆ, ಆ ಹಸಿ ಇರುವವರೆಗೇ ಅದರ ಜೀವ. ಹಗಲೂ ರಾತ್ರಿ ಕಾವಿನಲ್ಲಿದ್ದರೆ ಅದು ಬೇಗ ಒಣಗುತ್ತದೆ. ಮೇಲೆ ಮಖಮಲ್ಲು ಹೊದಿಸಿದರೆ ಇನ್ನೂ ಬೇಗ. ಹಾಗಂತ ತಿಂಗಳುಗಟ್ಟಲೆ ಆರಿಸಿಡುವುದೂ ಒಳ್ಳೆಯದಲ್ಲ, ಈ ಮಳೆಗೆ ಸ್ವಿಚ್ಚು, ಬಟನ್ನು ಎಲ್ಲ ಕಿಲುಬು ಹಿಡಿಯುತ್ತವೆ. ಕೇಳುವ ಹೊತ್ತಿಗೆ ಸ್ವಲ್ಪ ಮುಂಚೆ ಹಚ್ಚುವುದು, ಕೇಳಿ ಆದ ಮೇಲೆ ಆರಿಸುವುದು. ಅಷ್ಟೇ. ಪಾಠ ಮಾಡುವವರ ಹಾಗೆ ಹೇಳದೆ, ಮನೆಯವರ ಹಾಗೆ ಹೇಳಿದರು.

ಅತ್ತೆ ಒಂದು ಕೆಪಾಸಿಟರನ್ನು ಕೈಗೆ ತೆಗೆದುಕೊಂಡಳು. ನೋಡನೋಡುತ್ತಿದ್ದಂತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಮತ್ತೊಮ್ಮೆ ಅಲ್ಲಾಡಿಸಿ, ಮಾತೇ ಆಡುತ್ತಿಲ್ಲ ಅಂದಳು.

"ಕೊಬ್ಬರಿ ಒಣಗಿದ್ರೆ ಬಾಳ್ತದೆ, ಇದು ಒಣಗಿದ್ರೆ ಸಾಯ್ತದೆ. ನಾನು ಎರಡಕ್ಕೂ ಒಂದೇ ಅಟ್ಟ ಕಟ್ಟಿದ್ದೆ."

ಮಾವನ ಮುಖದಲ್ಲಿ ಯುಗಾದಿ ಹಬ್ಬ. ಅತ್ತೆಯೇ ಅವರ ಕಡೆ ತಿರುಗಿ, ಮಾತು ಕೊಟ್ಟಿದ್ದು ಜನರ ಮುಂದೆ, ತೀರಿಸುವುದೂ ಜನರ ಮುಂದೆಯೇ, ಶ್ರಾವಣದ ನಮ್ಮ ಸರದಿಯ ದಿನ, ಅಲ್ಲಿಯವರೆಗೆ ತಡೆಯಿರಿ ಅಂದಳು. ನಾನು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬುದ್ಧಿ ಹೇಳಲು ನೋಡಿದೆ. ಮನೆಯ ಮಾತು ಮನೆಯಲ್ಲೇ ಮುಗಿಯಲಿ, ಅಷ್ಟು ಜನರ ಮುಂದೆ ತಲೆ ಯಾಕೆ ತಗ್ಗಿಸಬೇಕು ಅಂದೆ. ತಲೆ ಯಾರು ತಗ್ಗಿಸುತ್ತಾರೆ ಎಂದು ನನ್ನನ್ನೇ ಕೇಳಿದಳು. ಮೇಷ್ಟರಿಗೆ ಕಾಫಿಗೆ ಸಕ್ಕರೆ ಎಷ್ಟು, ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಹೊರಗೆ ಅಟ್ಟಿದಳು. ಉಮಾಶಂಕರ್ ಹೊರಡುವಾಗ, ಗೋಷ್ಠಿಗೆ ತಾಯಿಯನ್ನೂ ಕರೆದುಕೊಂಡು ಬರಬೇಕು ಎಂದು ಹೇಳಿ ಕಳಿಸಿದಳು.

ಸರದಿಗೆ ನಾಲ್ಕು ದಿನ ಮುಂಚೆ ಅವರು ಹೊಸ ಕೆಪಾಸಿಟರು ತಂದು ಕೂರಿಸಿದರು. ಅತ್ತೆ ವಾಲ್ಯೂಮು ಸೊನ್ನೆ ಮಾಡಿ, ಒಂದು ಪೆಟ್ಟಿಗೆಗೆ ಕಿವಿಯಿಟ್ಟು, ಇನ್ನೊಂದಕ್ಕೂ ಇಟ್ಟು, ಚೊಕ್ಕ ಐತೆ ಅಂದಳು. ಅವಳು ಹಾಗೆ ಅಂದ ಮೇಲೆ ಉಮಾಶಂಕರ್ ತಮ್ಮ ಮೀಟರನ್ನು ಚೀಲದಿಂದ ತೆಗೆಯಲೇ ಇಲ್ಲ.

ಗೋಷ್ಠಿಯ ದಿನ ಜಿನುಗು ಮಳೆ. ಆದರೂ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಕ್ಕಮ್ಮ ಮಗನ ಜೊತೆ ಬಂದರು. ಗಂಜಿ ಹಾಕಿದ ಬಿಳಿ ಸೀರೆ, ಕನ್ನಡಕ, ಕೈಯಲ್ಲಿ ಕೊಡೆ. ಬಾಗಿಲಲ್ಲಿ ಒಂದು ಕ್ಷಣ ನಿಂತರು. ನನಗೆ ಆಗ ಒಂದು ವಿಷಯ ಹೊಳೆಯಿತು, ಹೊಳೆದು ಮನಸ್ಸಿಗೆ ಚುರುಕ್ ಅಂದಿತು. ಕಾಯಿ ಒಡೆಯುವ ದಿನಗಳಲ್ಲಿ ನಮ್ಮತ್ತೆ ಒಂದು ಸ್ಪೀಕರನ್ನು ಕಿಟಕಿಯ ಕಡೆ ತಿರುಗಿಸಿ ಇಡುತ್ತಿದ್ದಳು, ಅಂಗಳದ ಹೆಂಗಸರಿಗೆ ಕೇಳಲಿ ಎಂದು. ಅದನ್ನು ನಾವೆಲ್ಲ ಅವಳ ದೊಡ್ಡತನವೆಂದೇ ಹೇಳಿಕೊಂಡು ತಿರುಗಿದ್ದೆವು. ದೊಡ್ಡತನವೇ, ಇಲ್ಲವೆನ್ನುವುದಿಲ್ಲ. ಆದರೆ ಸ್ಪೀಕರು ತಿರುಗಿತ್ತೇ ಹೊರತು ಆ ಕಾಲದಲ್ಲಿ ಬಾಗಿಲು ತೆರೆದಿರಲಿಲ್ಲ. ಮಾದಿಹಳ್ಳಿಯ ಹೆಂಗಸರು ಕೂತದ್ದು ಅಂಗಳದಲ್ಲಿ, ಹೊರಟದ್ದೂ ಅಂಗಳದಿಂದಲೇ. ಅತ್ತೆ ಎದ್ದು ಹೋಗಿ ಲಕ್ಕಮ್ಮನ ಕೈ ಹಿಡಿದು ಒಳಗೆ ಕರೆತಂದು, ಎರಡು ಪೆಟ್ಟಿಗೆಗಳ ನಡುವೆ, ತಾನು ದಿನಾ ಕೂರುವ ಚಾಪೆಯ ಮೇಲೆ ಕೂರಿಸಿದಳು.

ಮಠದ ಕಡೆಯಿಂದ ಬಂದವರು ಒಬ್ಬರು ಮಾತಾಡಿದರು. ಅದು ಮುಗಿದ ಮೇಲೆ ಅತ್ತೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಈ ಸೆಟ್ಟು ಉರಿದೂ ಉರಿದೂ ಕೆಡಲ್ಲ ಅಂತ ನಿಮ್ಮ ಮುಂದೇನೇ ಹೇಳಿದ್ದೆ. ಕೆಟ್ಟಿತ್ತು. ಉರಿದೇ ಕೆಟ್ಟಿತ್ತು, ಮೇಷ್ಟ್ರು ತೋರಿಸಿಕೊಟ್ರು. ಕೆಡಿಸಿದ್ದೂ ನಾನೇ, ಕೆಟ್ಟಿದ್ದನ್ನ ಮೊದಲು ಕೇಳಿಸ್ಕೊಂಡಿದ್ದೂ ನಾನೇ. ಇವತ್ತು ಹಾಡು ಮುಗಿದ ಮೇಲೆ ಆ ಸ್ವಿಚ್ಚಿಂದ ನನ್ನ ಕೈ ತೆಗೀತೀನಿ."

ಹೇಳಿದ ಧಾಟಿ ನೋಡಬೇಕಿತ್ತು. ತಪ್ಪೊಪ್ಪಿಕೊಳ್ಳುವವರು ಹಾಗೆ ನಿಲ್ಲುವುದಿಲ್ಲ, ಚುನಾವಣೆ ಗೆದ್ದವರು ನಿಲ್ಲುತ್ತಾರೆ. ಗುರುಸಿದ್ದಮ್ಮ ಎಂಬ ಹಿರಿಯಾಕೆ, ಸೋಮವಾರದ ಮೊದಲ ದಿನದಿಂದ ಬರುತ್ತಿದ್ದವಳು, ನಮಗೆ ಯಾರಿಗೂ ಏನೂ ಕೇಳಿಸಿರಲಿಲ್ಲವಲ್ಲ ಬಸಮ್ಮ, ನೀನು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಅಂದಳು. ಅದಕ್ಕೇ ಹೇಳಿದ್ದು ಎಂದು ಅತ್ತೆ ಕ್ಯಾಸೆಟ್ ಹಾಕಿದಳು.

ಅದು ಅವಳ ಬಳಿಯ ಅತಿ ಹಳೆಯ ಕ್ಯಾಸೆಟ್, ಒಬ್ಬ ಹೆಣ್ಣುಮಗಳು ಹಾಡಿದ ವಚನಗಳದು. ಅಂಗಳದ ಹೆಂಗಸರು ಅದನ್ನೇ ಹಾಕಿ ಎಂದು ಕೂಗಿ ಕೂಗಿ ಹಾಕಿಸುತ್ತಿದ್ದರಂತೆ. ದನಿ ಎದ್ದಿತು. ಎಷ್ಟು ವರ್ಷದಿಂದ ಕೇಳುತ್ತಿದ್ದ ಹಾಡು, ಅವತ್ತು ತೊಳೆದಿಟ್ಟ ಹಾಗಿತ್ತು. ಲಕ್ಕಮ್ಮ ತುಟಿ ಅಲ್ಲಾಡಿಸುತ್ತಾ ಜೊತೆಗೆ ಹೇಳಿಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರು. ಕತ್ತು ಈ ಪೆಟ್ಟಿಗೆಯ ಕಡೆ ತಿರುಗಿಸಿದರು, ಆ ಪೆಟ್ಟಿಗೆಯ ಕಡೆ ತಿರುಗಿಸಿದರು. ಹಾಡು ಮುಗಿಯುವವರೆಗೂ ಹಾಗೇ ಮಾಡಿದರು. ಮುಗಿದ ಮೇಲೆ ಅತ್ತೆಯನ್ನು ಮೆಲ್ಲಗೆ ಕೇಳಿದರು.

"ಬಸಮ್ಮಾರೆ, ಇದ್ರಲ್ಲಿ ಹಾರ್ಮೋನಿಯಂ ಐತಾ?"

ಐತಲ್ಲ, ಮೊದಲಿಂದಲೂ ಐತೆ ಅಂದಳು ಅತ್ತೆ.

"ನಮ್ಗೆ ಕೇಳಿರಲಿಲ್ಲ ಕಣವ್ವ. ಹಾಡೋಳ ದನಿ, ತಬಲ ಅಷ್ಟೇಯ. ಹಾರ್ಮೋನಿಯಂ ಇಲ್ಲದ ಹಾಡು ಅಂತಲೇ ನಾನು ಮಕ್ಕಳಿಗೂ ಹೇಳ್ಕೊಟ್ಟೆ."

ಉಮಾಶಂಕರ್ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದರು. ಅವರಿಗೆ ಅರ್ಥವಾಗಿತ್ತು, ನನಗೂ ಆಯಿತು. ಆ ಕ್ಯಾಸೆಟ್ಟಿನಲ್ಲಿ ಹಾರ್ಮೋನಿಯಂ ಬರುವುದೆಲ್ಲ ಒಂದೇ ಕಡೆಯ ಸ್ಪೀಕರಿನಲ್ಲಿ. ಕಿಟಕಿಗೆ ತಿರುಗಿಸಿದ್ದು ಇನ್ನೊಂದು. ಕಾಯಿ ಒಡೆಯುವ ಆ ಸದ್ದಿನಲ್ಲಿ ಒಳಗಿನದು ಒಳಗೇ ಉಳಿದಿತ್ತು. ಊರಿಗೇ ಕೇಳದ ಗುನುಗು ಕೇಳಿಸಿಕೊಂಡ ನಮ್ಮತ್ತೆಯ ಕಿವಿಗೆ ಇದೊಂದು ಇಷ್ಟು ವರ್ಷ ಕೇಳಿಸಿರಲಿಲ್ಲ. ಅವಳ ಮುಖ ನೋಡಿದೆ. ಕೆಪಾಸಿಟರು ಬಿಚ್ಚಿದ ದಿನವೂ ಇಳಿಯದ ಮುಖ ಈಗ ಇಳಿದಿತ್ತು. ಡೆಕ್ಕಿನ ಹತ್ತಿರ ಹೋಗಿ, ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಮೊದಲ ಹಾಡಿನಿಂದ ಮತ್ತೆ ಹಾಕಿದಳು. ಲಕ್ಕಮ್ಮನ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು.

ಪೂರ್ತಿ ಕ್ಯಾಸೆಟ್ಟು, ಎರಡೂ ಕಡೆ. ಜಾವಗಲ್ ಕಡೆಯ ಬಸ್ಸು ಹಿಡಿಯಬೇಕಾದವರೂ ಏಳಲಿಲ್ಲ. ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೈಯನ್ನು ಕಿವಿಗೆ ಅಡ್ಡ ಹಿಡಿದು ಕೇಳಿದರು. ಕೊನೆಯ ಹಾಡು ಮುಗಿದು ಡೆಕ್ಕಿನ ಗುಂಡಿ ತಾನಾಗಿ ಟಕ್ ಎಂದು ಮೇಲೆದ್ದಿತು. ಮಾವನೂ ಎದ್ದರು. ಇಷ್ಟು ವರ್ಷ ಕಾದಿದ್ದ ಗಳಿಗೆ, ಪಂಚೆ ಸರಿಮಾಡಿಕೊಂಡು ಸ್ವಿಚ್ಚಿನ ಕಡೆ ಎರಡು ಹೆಜ್ಜೆ ಹಾಕಿದ್ದರು. ಅತ್ತೆ ಅವರನ್ನು ದಾಟಿಕೊಂಡು ಲಕ್ಕಮ್ಮನ ಕೈ ಹಿಡಿದು ಎಬ್ಬಿಸಿ ಗೋಡೆಯ ಹತ್ತಿರ ಕರೆದುಕೊಂಡು ಹೋದಳು.

"ನನ್ನ ಕೈ ತೆಗೆದೆ. ಆರಿಸು ನೀನು."

ಲಕ್ಕಮ್ಮ ಅವಳನ್ನು ನೋಡಿದರು, ಕೆಂಪು ದೀಪವನ್ನು ನೋಡಿದರು. ಅಂಗಳದಲ್ಲಿ ಕೂತು ಕಿಟಕಿಯಿಂದ ಈ ದೀಪವನ್ನೇ ನೋಡುತ್ತಿದ್ದೆವು, ಅದು ಕಂಡರೆ ಹಾಡು ಕೇಳಬಹುದು ಅಂತ ಧೈರ್ಯ ಇರುತ್ತಿತ್ತು ಅಂದರು. ಆಮೇಲೆ ಸ್ವಿಚ್ಚು ಒತ್ತಿದರು. ಎರಡೂ ಪೆಟ್ಟಿಗೆಗಳು ಒಟ್ಟಿಗೆ ದಪ್ ಅಂದವು. ದೀಪ ಒಡನೆ ಆರದೆ, ಸ್ವಲ್ಪ ಸ್ವಲ್ಪವೇ ಮಂಕಾಗಿ ಹೋಯಿತು.

ಊಟಕ್ಕೆ ಎಲೆ ಹಾಕುವಾಗ ಅತ್ತೆ ಮತ್ತೆ ಹಳೆಯ ಬಸಮ್ಮ ಆಗಿದ್ದಳು. ಇನ್ನು ಪ್ರತಿ ಸೋಮವಾರ ನೀನು ಬರಬೇಕು, ಇನ್ನೂ ಎಷ್ಟೋ ಕ್ಯಾಸೆಟ್ಟು ನೀನು ಅರ್ಧವೇ ಕೇಳಿದ್ದೀಯ ಎಂದು ಲಕ್ಕಮ್ಮನಿಗೆ ಅಪ್ಪಣೆ ಮಾಡಿದಳು. ಲಕ್ಕಮ್ಮ ಹೋಳಿಗೆ ಮುರಿಯುತ್ತಾ ಯೋಚನೆ ಮಾಡಿದರು.

"ಸೋಮ್ವಾರ ಆಗಲ್ಲ ಬಸಮ್ಮಾರೆ. ಸೋಮ್ವಾರ ನಮ್ಮ ಹೆಂಗಸರ ಸಂಘದ ಮೀಟಿಂಗ್ ಐತೆ, ಅಧ್ಯಕ್ಷೆ ನಾನೇಯ. ಬುಧವಾರ ಆದ್ರೆ ಬತ್ತೀನಿ."

ಎಲೆಯ ಮುಂದೆ ಕೂತಿದ್ದವರೆಲ್ಲ ಅತ್ತೆಯ ಕಡೆ ನೋಡಿದರು. ಸೋಮವಾರವೆಂದರೆ ಶಿವನ ವಾರ, ಅವಳು ಮದುವೆ ಮುಂಜಿ ಬಂದರೂ ಬದಲಾಯಿಸದ ವಾರ. ಮಗಳ ಹೆರಿಗೆಯ ದಿನವೂ ಸೋಮವಾರದ ಹೆಂಗಸರನ್ನು ವಾಪಸು ಕಳಿಸದವಳು. ನಾನು ತುತ್ತು ಕೈಯಲ್ಲೇ ಹಿಡಿದು ಕಾದೆ. ಅತ್ತೆ ಲಕ್ಕಮ್ಮನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಶಿವ ಬುಧವಾರ ಏನು ಮಲಗಿರ್ತಾನಾ ಅಂದಳು.

ಈಗ ಹಳೇಬೀಡಿನಲ್ಲಿ ಬಸಮ್ಮನ ಮನೆಯ ವಾರ ಬುಧವಾರ. ನವಿಲಿನ ಹೊದಿಕೆ ಮಡಿಚಿ ಬೀರುವಿಗೆ ಸೇರಿದೆ. ಮಾದಿಹಳ್ಳಿ ಕಡೆಯ ಬಸ್ಸು ಬರುವ ಹೊತ್ತಿಗೆ ಮುಂಚೆಯೇ ಇಂದುಧರ ಮಾವ ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಒತ್ತುತ್ತಾರೆ. ಹುಟ್ಟಿದಾರಭ್ಯ ಆರಿಸುವುದನ್ನಷ್ಟೇ ಬಲ್ಲ ಮನುಷ್ಯ, ಹಚ್ಚಿ ದೀಪ ಬಂತಾ ಎಂದು ಬಗ್ಗಿ ನೋಡುತ್ತಾರೆ. ಆರಿಸುವ ಕೆಲಸ ಅವರದಲ್ಲ, ನಮ್ಮತ್ತೆಯದೂ ಅಲ್ಲ. ಹಾಡು ಮುಗಿದ ಮೇಲೆ ಲಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಎದ್ದು ಹೋಗಿ ಆರಿಸುತ್ತಾರೆ. ಅವರು ಏಳುವವರೆಗೆ ಸೆಟ್ಟು ಉರಿಯುತ್ತಿರುತ್ತದೆ, ಅತ್ತೆ ಪಕ್ಕದಲ್ಲಿ ಕೂತಿರುತ್ತಾಳೆ.